ನಂಜನಗೂಡಿನ ಗುಂಡಿ, ನವಕೋಟಿಯ ಖಜಾನೆ

1680ರ ದಶಕದಲ್ಲಿ ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯ ನಂಜನಗೂಡಿನಲ್ಲಿ ನಾನೂರು ವೀರಶೈವ ಜಂಗಮರ ತಲೆ ತೆಗೆಸಿದನೇ? ಈ ಪ್ರಶ್ನೆಗೆ ನಮ್ಮಲ್ಲಿ ಚಾಲ್ತಿಯಲ್ಲಿರುವ ಉತ್ತರಗಳು ಎರಡೇ. ಹೌದು ಎನ್ನುವವರಿಗೆ ಅದು ವೈಷ್ಣವ ದೊರೆಯೂ ಜೈನ ಮಂತ್ರಿಯೂ ಸೇರಿಕೊಂಡು ವೀರಶೈವರ ಮೇಲೆ ಸಾರಿದ ಮತಯುದ್ಧ. ಇಲ್ಲ ಎನ್ನುವವರಿಗೆ ಅದು ಧರ್ಮಪ್ರಭುವೊಬ್ಬನ ಹೆಸರಿಗೆ ಮಸಿ ಬಳಿಯಲು ಇಂಗ್ಲಿಷ್ ಅಧಿಕಾರಿಯೊಬ್ಬ ಹೆಣೆದ ಕಟ್ಟುಕಥೆ. ಈ ಎರಡು ಬಣಗಳ ಜಗಳ ನೋಡಿದವರಿಗೆ ಇವರು ಹಾವು ಮುಂಗುಸಿಗಳೆಂದು ಅನ್ನಿಸಬಹುದು. ಹಾಗೇನಿಲ್ಲ. ಮೂಲದಲ್ಲಿ ಇಬ್ಬರದೂ ಒಂದೇ ನಂಬಿಕೆ: ನಂಜನಗೂಡಿನ ಪ್ರಕರಣ ಮತಕ್ಕೆ ಸಂಬಂಧಿಸಿದ್ದು, ದೊರೆಯ ಮಾನಕ್ಕೆ ಸಂಬಂಧಿಸಿದ್ದು. ಕಂದಾಯದ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ. ರೈತನ ಸುದ್ದಿಯಂತೂ ಬಿಡಿ.

ಈ ಹಾಯಾದ ಒಪ್ಪಂದವನ್ನೇ ನಾನು ಇಲ್ಲಿ ಖಂಡಿಸುತ್ತಿರುವುದು.

ಕಥೆಯನ್ನು ಅಚ್ಚಿಗೆ ತಂದವನು ಮಾರ್ಕ್ ವಿಲ್ಕ್ಸ್. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿ ನೆಪೋಲಿಯನ್ನನನ್ನು ಬರಮಾಡಿಕೊಂಡವನೂ ಇವನೇ. ದಕ್ಷಿಣ ಭಾರತದ ಚರಿತ್ರೆಯನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟ ಹೊರಬಂದದ್ದು 1810ರಲ್ಲಿ. ಅಂದರೆ ಘಟನೆಗೂ ಬರಹಕ್ಕೂ ನಡುವೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿದ ಅಂತರ. ಬಾಯಿಂದ ಬಾಯಿಗೆ ಬಂದ ಸುದ್ದಿಯನ್ನು ಹಲವರಿಂದ ಕೇಳಿ ತಾಳೆ ನೋಡಿದ್ದೇನೆ, ಇದು ನಿಜವೆಂದೇ ನಂಬುತ್ತೇನೆ ಎಂದು ಅವನು ಹೇಳಿಕೊಂಡಿದ್ದಾನೆ. ಅವನನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಆದರೆ ನಂಬುವವರಾಗಲಿ ಬಿಡುವವರಾಗಲಿ ಅವನು ಹೇಳಿದ್ದನ್ನು ಪೂರ್ತಿಯಾಗಿ ಓದಿದ್ದಾರೆಯೇ? ಅವನ ಕಥೆಗೆ ಒಂದು ಮೊದಲು, ಒಂದು ನಡು, ಒಂದು ಕೊನೆ ಇದೆ. ನಮ್ಮವರು ಓದಿರುವುದು ನಡುವನ್ನು ಮಾತ್ರ.

ಆ ನಡುಭಾಗ ಎಲ್ಲರಿಗೂ ಗೊತ್ತಿರುವಂಥದ್ದೇ. ನಿಮ್ಮ ಶಿಷ್ಯರು ದಂಗೆ ಎದ್ದಿದ್ದಾರೆ, ಬನ್ನಿ ಮಾತಾಡೋಣ ಎಂದು ದೊರೆ ಜಂಗಮರನ್ನು ನಂಜನಗೂಡಿನ ದೊಡ್ಡ ದೇವಸ್ಥಾನಕ್ಕೆ ಕರೆಸುತ್ತಾನೆ. ಮೋಸವಿರಬಹುದೆಂಬ ಗುಮಾನಿಯಿಂದ ಬಂದವರು ನಾನೂರು ಮಂದಿ ಮಾತ್ರ. ಗೋಡೆ ಸುತ್ತಿದ ಬಯಲಿನಲ್ಲಿ ಮೊದಲೇ ದೊಡ್ಡ ಗುಂಡಿ ತೋಡಿಸಲಾಗಿದೆ. ದೊರೆ ಕೂತ ಚಪ್ಪರದಿಂದ ಆ ಗುಂಡಿಯ ತನಕ ಡೇರೆಯ ಕನಾತುಗಳಿಂದ ಚೌಕ ಚೌಕವಾಗಿ ಅಂಕಣಗಳು. ಒಬ್ಬೊಬ್ಬರೇ ಒಳಗೆ ಬಂದು, ದೊರೆಗೆ ವಂದಿಸಿ, ಮುಂದಿನ ಅಂಕಣದಲ್ಲಿ ಉಪಚಾರ ಕಾದಿದೆ ಎಂದುಕೊಂಡು ಹೆಜ್ಜೆ ಇಡುತ್ತಾರೆ. ಅಲ್ಲಿ ಕಾದಿದ್ದವರು ನುರಿತ ಕೊಲೆಗಾರರು. ಹಿಂದೆ ಸಾಲುಗಟ್ಟಿ ನಿಂತವರಿಗೆ ಒಂದು ಸದ್ದೂ ಕೇಳದಂತೆ ಕೆಲಸ ಮುಗಿಯುತ್ತದೆ. ಇತ್ತ ದರ್ಬಾರು ಎಂದಿನಂತೆ ನಡೆದಿರುತ್ತದೆ. ಅದೇ ದಿನ ರಾಜ್ಯದ ಏಳುನೂರಕ್ಕೂ ಮಿಕ್ಕಿ ಮಠಗಳು ನೆಲಸಮ. ಎಲ್ಲೆಲ್ಲಿ ಜನ ಗುಂಪು ಸೇರಿದ್ದರೋ ಅಲ್ಲಿಗೆ ಕುದುರೆ ದಂಡು. ಕಾವಿ ತೊಟ್ಟವರನ್ನು ಮೊದಲು ಕಡಿಯಿರಿ, ಗುಂಪು ಚದುರುವ ತನಕ ನಿಲ್ಲಬೇಡಿ ಎಂಬ ಅಪ್ಪಣೆ.

ಭೀಕರವಾದ ಚಿತ್ರ. ಭೀಕರವಾದದ್ದರಿಂದಲೇ ಅದು ಮಿಕ್ಕಿದ್ದನ್ನೆಲ್ಲ ನುಂಗಿಬಿಟ್ಟಿತು. ಗುಂಡಿಯ ಆಚೆ ಈಚೆ ಏನಿತ್ತು ಎಂದು ಯಾರೂ ಕೇಳಲಿಲ್ಲ.

ಮೊದಲಿಗೆ ಬರುವುದು ತೆರಿಗೆ. ಬೆಳೆಯಲ್ಲಿ ಆರನೇ ಒಂದು ಪಾಲು ದೊರೆಗೆ ಎಂಬುದು ಶಾಸ್ತ್ರ ಒಪ್ಪಿದ ಲೆಕ್ಕ. ಶಾಸ್ತ್ರವಂತನೆನಿಸಿಕೊಂಡ ಚಿಕ್ಕದೇವರಾಜನಿಗೆ ಅದನ್ನು ಬಹಿರಂಗವಾಗಿ ಮೀರಲು ಮುಜುಗರ. ಅದಕ್ಕೆ ಕಂಡುಕೊಂಡ ಉಪಾಯವೆಂದರೆ ಆರನೇ ಪಾಲನ್ನು ಮುಟ್ಟದೆ ಅದರ ಸುತ್ತ ಚಿಲ್ಲರೆ ತೆರಿಗೆಗಳ ಮುಳ್ಳುಬೇಲಿ ಹಾಕುವುದು. ಮನೆಗೆ ತೆರಿಗೆ. ಮದುವೆಗೆ ತೆರಿಗೆ. ಕುರಿಗೆ ತೆರಿಗೆ. ಕಾಳಿನಲ್ಲಿ ಪಾಲು ಕೊಟ್ಟಾದ ಮೇಲೆ ಅದೇ ಹೊಲದ ಹುಲ್ಲಿನಲ್ಲೂ ಸರ್ಕಾರಕ್ಕೆ ಪಾಲುಂಟು ಎಂದು ಹೇಳಿ ವಸೂಲು ಮಾಡಿದ ಹುಲ್ಲು ಹಣ. ಸವೆದ ನಾಣ್ಯದಿಂದ ಖಜಾನೆಗೆ ಆಗುವ ನಷ್ಟ ತುಂಬಿಸುವ ನೆಪದಲ್ಲಿ ಪ್ರತಿ ರೈತನ ತಲೆಗೆ ಕಟ್ಟಿದ ದೇವರಾಯ ವಟ್ಟ. ಈ ಕಾಟ ತಾಳಲಾರದೆ ರೈತರೇ ಬಂದು, ಬುದ್ಧಿ, ಇದೆಲ್ಲ ಬಿಡಿ, ಬೇಕಾದರೆ ಪಾಲನ್ನೇ ಹೆಚ್ಚಿಸಿಕೊಳ್ಳಿ ಎಂದು ಬೇಡಿಕೊಳ್ಳಲಿ ಎಂಬುದು ಒಳಗಿನ ಲೆಕ್ಕಾಚಾರ. ಎಂಥ ಜಾಣತನ! ಇಂದಿನ ಯಾವ ಹಣಕಾಸು ಕಾರ್ಯದರ್ಶಿಯೂ ಇದರ ಮುಂದೆ ತಲೆಬಾಗಬೇಕು.

ರೈತರು ಬೇಡಲಿಲ್ಲ. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿದರು. ಹಳ್ಳಿಯ ಪಂಚಾಯ್ತಿ ಸೇರುತ್ತಿದ್ದ, ದಣಿದವರು ಕೂತು ಹರಟುತ್ತಿದ್ದ ಅದೇ ಮರ. ಉಳುವುದಿಲ್ಲ, ಬಿತ್ತುವುದಿಲ್ಲ, ಕೊಡುವುದಿಲ್ಲ ಎಂದು ಅಮಲ್ದಾರನಿಗೆ ಸಾರಲು ಅಕ್ಷರ ಬೇಕಿರಲಿಲ್ಲ. ನಮ್ಮ ಸೀಮೆಯ ಪ್ರತಿಭಟನೆಯ ಚರಿತ್ರೆಯಲ್ಲಿ ಇದಕ್ಕಿಂತ ಗಟ್ಟಿಯಾದ ಚಿತ್ರ ಬೇರೆ ಯಾವುದಿದೆ? ಆದರೂ ಗುಂಡಿಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರ ಬಾಯಲ್ಲಿ ಈ ನೇಗಿಲು ಬರುವುದಿಲ್ಲ. ಕೆಲವರಿಗೆ ಅದು ಗೊತ್ತಿಲ್ಲ. ಗೊತ್ತಿರುವವರಿಗೆ ಅದರಿಂದ ಉಪಯೋಗವಿಲ್ಲ. ನೇಗಿಲಿಗೆ ಮತವಿಲ್ಲವಲ್ಲ.

ಇನ್ನು ಕಥೆಯ ಕೊನೆ. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ದಂಗೆ ಅಡಗಿದ ಮೇಲೆ, ದಂಡನ್ನು ಹಿಂದಕ್ಕೆ ಕರೆಸಿಕೊಳ್ಳುವ ಮುಂಚೆ, ದೊರೆ ಪ್ರತಿ ಹಳ್ಳಿಯಿಂದಲೂ ಒಂದೊಂದು ಪತ್ರ ಬರೆಸಿಕೊಂಡ ಎನ್ನುತ್ತಾನೆ ವಿಲ್ಕ್ಸ್. ಏನೆಂದು? ಲಿಂಗ ಕಟ್ಟುವುದನ್ನು ಬಿಟ್ಟೆವು ಎಂದೇ? ನಾಮ ಹಾಕಿಕೊಳ್ಳುತ್ತೇವೆ ಎಂದೇ? ಜಂಗಮರಿಗೆ ಪಾದಪೂಜೆ ಮಾಡುವುದಿಲ್ಲ ಎಂದೇ? ಅಲ್ಲ. ಈ ಭೂಮಿ ನಮ್ಮ ಸ್ವಂತದ್ದಲ್ಲ, ಸರ್ಕಾರದ್ದು, ಇದನ್ನು ನಾವಾಗಿಯೇ ಮನಸಾರೆ ಒಪ್ಪಿ ಬಿಟ್ಟುಕೊಟ್ಟಿದ್ದೇವೆ ಎಂದು! ಊರ ಹೊರಗೆ ಕುದುರೆ ದಂಡು ನಿಂತಿರುವಾಗ ಮನಸಾರೆ ಬರೆದುಕೊಟ್ಟ ಪತ್ರ. ಅಂಥ ಪತ್ರಗಳು ನಿಜಕ್ಕೂ ಇದ್ದವೋ ಇಲ್ಲವೋ ಎಂಬ ಅನುಮಾನವನ್ನೂ ವಿಲ್ಕ್ಸ್ ತಾನೇ ಸೇರಿಸಿದ್ದಾನೆ. ಇರಲಿ. ಆದರೆ ನಾನೂರು ತಲೆಗಳ ಕಥೆಯನ್ನು ಅವನಿಂದಲೇ ತೆಗೆದುಕೊಂಡು, ಅದೇ ಉಸಿರಿನಲ್ಲಿ ಅವನು ಹೇಳಿದ ಪತ್ರದ ಕಥೆಯನ್ನು ಕೈಬಿಡುವುದು ಯಾವ ನ್ಯಾಯ? ಮತಯುದ್ಧ ಗೆದ್ದವನು ಸೋತವರ ಮತ ಕೇಳಬೇಕು. ಈ ದೊರೆ ಕೇಳಿದ್ದು ಜಮೀನು.

ಮತಯುದ್ಧವಾದಿಗಳ ಮೇಲೆ ಇನ್ನೊಂದು ಆರೋಪವಿದೆ. ಚಿಕ್ಕದೇವರಾಜನ ಮಂತ್ರಾಲೋಚನಾ ಸಭೆಯ ಐವರ ಹೆಸರು ಇವರಿಗೆ ಗೊತ್ತಿಲ್ಲವೇ? ಯಳಂದೂರಿನ ವಿಶಾಲಾಕ್ಷ ಪಂಡಿತ, ತಿರುಮಲಾರ್ಯ, ಚಿಕುಪಾಧ್ಯಾಯ, ಕರಣಿಕ ಲಿಂಗಣ್ಣಯ್ಯ, ಮತ್ತು ಷಡಕ್ಷರಯ್ಯ. ವಿಶಾಲಾಕ್ಷ ಪಂಡಿತ ಜೈನ ಎಂಬುದನ್ನು ನೂರು ಸಲ ಹೇಳುವವರು ಷಡಕ್ಷರಯ್ಯ ವೀರಶೈವ ಎಂಬುದನ್ನು ಒಂದು ಸಲವೂ ಏಕೆ ಹೇಳುವುದಿಲ್ಲ? ವೀರಶೈವರನ್ನು ಬೇರುಸಹಿತ ಕೀಳಲು ಹೊರಟ ದೊರೆ ಪಕ್ಕದಲ್ಲೇ ವೀರಶೈವನೊಬ್ಬನನ್ನು ಕೂರಿಸಿಕೊಂಡು ಆಲೋಚನೆ ಕೇಳುತ್ತಿದ್ದನೇ? ಜಂಗಮರೇಕೆ ಗುರಿಯಾದರು ಎಂಬುದಕ್ಕೆ ಉತ್ತರ ಹುಡುಕಲು ಆಗಮಗಳ ತನಕ ಹೋಗಬೇಕಿಲ್ಲ. ಮನೆ ಮನೆಗೆ ಭಿಕ್ಷೆಗೆ ಹೋಗುತ್ತಿದ್ದವರು, ಊರಿಂದೂರಿಗೆ ಸುದ್ದಿ ಒಯ್ಯುತ್ತಿದ್ದವರು, ಅಯ್ನೋರು ಹೇಳಿದರು ಎಂದರೆ ಹಳ್ಳಿ ಎದ್ದು ನಿಲ್ಲುತ್ತಿತ್ತು. ಏಳುನೂರು ಮಠ ಎಂದರೆ ಅಮಲ್ದಾರನ ಕಣ್ಣಿಗೆ ಏಳುನೂರು ಸಭಾಸ್ಥಾನ. ದಂಗೆಯ ಬಾಯಿ ಮುಚ್ಚಿಸಬೇಕಾದವನು ಮೊದಲು ಕೊರಳಿಗೆ ಕೈ ಹಾಕಿದ. ಆ ಕೊರಳಲ್ಲಿ ಲಿಂಗವಿತ್ತು, ನಿಜ. ಆದರೆ ಹುಲ್ಲು ಹಣ ಕೇಳಲು ಬಂದವನು ಯಾರ ಕೊರಳಲ್ಲಿ ಏನಿದೆ ಎಂದು ನೋಡಿ ವಸೂಲು ಮಾಡಲಿಲ್ಲ. ಆ ತೆರಿಗೆ ಕೊಟ್ಟ ಒಕ್ಕಲಿಗ, ಕುರುಬ, ಉಪ್ಪಾರರ ಪಾಡೇನು? ಇಡೀ ದಂಗೆಯನ್ನು ಒಂದು ಸಮುದಾಯದ ನೋವಿನ ಪಟ್ಟಿಗೆ ಸೇರಿಸಿದ್ದರಿಂದ ಉಳಿದವರ ಹೋರಾಟವನ್ನು ಅವರ ಕೈಯಿಂದ ಕಿತ್ತುಕೊಂಡಂತಾಗಲಿಲ್ಲವೇ?

1686ರಲ್ಲಿ ವಿಶಾಲಾಕ್ಷ ಪಂಡಿತ ಕೊಲೆಯಾದ. ಜಂಗಮರ ಸೇಡು ಎಂಬುದು ರೂಢಿಯ ಮಾತು. ಮಂತ್ರಿ ಸತ್ತ, ತಿರುಮಲಾರ್ಯ ಆ ಜಾಗಕ್ಕೆ ಬಂದ. ದೊರೆ ಇನ್ನೂ ಹದಿನೆಂಟು ವರ್ಷ ಆಳಿದ. ಲೆಕ್ಕ ಕೊಡಬೇಕಾದವನು ಒಬ್ಬ, ತಲೆ ಕೊಟ್ಟವನು ಇನ್ನೊಬ್ಬ. ಇವತ್ತಿಗೂ ಮಂತ್ರಿಯ ಜಾತಿಯನ್ನೇ ಎತ್ತಿ ಆಡುವವರು ಆ ಕಾಲದ ಅರಮನೆಗೆ ಎಷ್ಟು ಅನುಕೂಲ ಮಾಡಿಕೊಡುತ್ತಿದ್ದಾರೆಂದು ಅವರಿಗೇ ತಿಳಿದಿಲ್ಲ.

ಈಗ ಆ ಕಡೆಯವರು, ಅಂದರೆ ಅರಮನೆಯ ಅಭಿಮಾನಿಗಳು. ವಿಲ್ಕ್ಸ್ ಸುಳ್ಳುಗಾರ, ಕಂಪನಿ ಸರ್ಕಾರದ ನೌಕರ, ಅವನ ಮಾತಿಗೆ ಸಮಕಾಲೀನ ಆಧಾರವಿಲ್ಲ ಎನ್ನುತ್ತಾರೆ. ಆಧಾರ ಕೇಳುವುದು ತಪ್ಪಲ್ಲ, ಸಿ. ಹಯವದನರಾವ್ ಅವರಂಥ ಚರಿತ್ರಕಾರರು ಈ ಪ್ರಸಂಗದ ಮೂಲಗಳನ್ನು ಜಾಲಾಡಿದ್ದಾರೆ. ಆದರೆ ನಮ್ಮ ಅಭಿಮಾನಿಗಳದು ಆಧಾರದ ಹಸಿವಲ್ಲ. ಇದೇ ದೊರೆಯ ಬಗ್ಗೆ ಇವರು ಹೆಮ್ಮೆಯಿಂದ ಹೇಳುವುದು ಎರಡು ಸಂಗತಿ: ಹದಿನೆಂಟು ಇಲಾಖೆಗಳ ಅಠಾರಾ ಕಚೇರಿ ಕಟ್ಟಿದ, ನವಕೋಟಿ ನಾರಾಯಣ ಎನಿಸಿಕೊಂಡ. ಇವೆರಡನ್ನೂ ವಿಸ್ತಾರವಾಗಿ ಬರೆದಿಟ್ಟವನು ಯಾರು? ಅದೇ ವಿಲ್ಕ್ಸ್. ಹೊಗಳಿದರೆ ಸತ್ಯಸಂಧ, ನಂಜನಗೂಡಿಗೆ ಬಂದ ತಕ್ಷಣ ಸುಳ್ಳುಗಾರ! ಅದೇ ಪುಸ್ತಕದಲ್ಲಿ ದೊರೆಯ ದಿನಚರಿಯ ಒಂದು ವಿವರವೂ ಇದೆ. ಬೆಳಿಗ್ಗೆ ಮಿಂದು, ಹಣೆಗೆ ನಾಮವಿಟ್ಟು, ಸೀಮೆಗಳಿಂದ ಬಂದ ಹಣದಲ್ಲಿ ಸಾವಿರ ಸಾವಿರ ವರಹದ ಎರಡು ಚೀಲಗಳನ್ನು ಖಜಾನೆಗೆ ಸೇರಿಸಿದ ಮೇಲೆಯೇ ಅವನು ಊಟಕ್ಕೆ ಏಳುತ್ತಿದ್ದದ್ದು. ಚೀಲ ಬರುವುದು ತಡವಾದರೆ ಊಟವೂ ತಡ. ದಿನಕ್ಕೆ ಎರಡು ಸಾವಿರ ವರಹ, ದಿನವೂ. ಈ ಚೀಲಗಳು ಎಲ್ಲಿಂದ ಬರುತ್ತಿದ್ದವು? ಚಾಮುಂಡಿ ಬೆಟ್ಟದಲ್ಲಿ ಚಿನ್ನದ ಗಣಿ ಇತ್ತೇ? ನವಕೋಟಿಯನ್ನು ಕೊಂಡಾಡುವ ಬಾಯಿ, ಆ ಕೋಟಿಗಳನ್ನು ತೆತ್ತವರು ಯಾರು ಎಂಬ ಪ್ರಶ್ನೆಗೆ ಏಕೆ ಕಟ್ಟಿಹೋಗುತ್ತದೆ?

1687ರಲ್ಲಿ ಮೊಗಲರ ಸರದಾರ ಖಾಸಿಂ ಖಾನನಿಂದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಕೊಂಡದ್ದನ್ನು ಶಾಲೆಯಲ್ಲಿ ದೊರೆಯ ಚಾಣಾಕ್ಷತನ ಎಂದು ಹೇಳಿಕೊಡುತ್ತೇವೆ. ಚಾಣಾಕ್ಷತನವೇ ಹೌದು. ದಂಗೆ ಅಡಗಿದ ದಶಕವೂ ಖರೀದಿಯ ದಶಕವೂ ಒಂದೇ ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ. ಇವತ್ತು ಬೆಂಗಳೂರಿನ ಒಂದು ನಿವೇಶನದ ಬೆಲೆ ಕೇಳಿ ಬೆವರುವ ನಂಜನಗೂಡಿನ ಹುಡುಗನಿಗೆ, ಆ ಊರನ್ನು ಕೊಂಡ ಹಣದಲ್ಲಿ ನಿನ್ನ ಮುತ್ತಾತನ ಹುಲ್ಲಿನ ದುಡ್ಡೂ ಇದ್ದಿರಬೇಕು ಎಂದು ಯಾವ ಮೇಷ್ಟ್ರು ಹೇಳಿದ್ದಾರೆ?

ಆಸ್ಥಾನದ ಕಾವ್ಯಗಳಲ್ಲಿ ಈ ಹತ್ಯೆ ಕಾಣುವುದಿಲ್ಲ, ಆದ್ದರಿಂದ ನಡೆದಿಲ್ಲ ಎನ್ನುವವರೂ ಇದ್ದಾರೆ. ದೊರೆಯನ್ನು ಅಪ್ರತಿಮವೀರ ಎಂದು ಕೊಂಡಾಡಲು ಹುಟ್ಟಿದ ಕಾವ್ಯದಲ್ಲಿ ಅವನು ತೋಡಿಸಿದ ಗುಂಡಿ ಸಿಗಬೇಕಿತ್ತೇ? ಸಂಸ್ಥಾನದ ವಾರ್ಷಿಕ ವರದಿಯಲ್ಲಿ ಲಂಚದ ಲೆಕ್ಕ ಹುಡುಕಿದ ಹಾಗಾಯಿತು. ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರ ಹತ್ತೊಂಬತ್ತನೇ ಶತಮಾನದಲ್ಲಿ ಬರೆದ ರಾಜಾವಳಿ ಕಥೆಯೂ ಈ ಗಲಭೆಯನ್ನು ಹೇಳುತ್ತದೆ. ಅದೂ ತಡವಾಗಿ ಬಂದದ್ದೇ, ಅದಕ್ಕೂ ಅದರದೇ ಒಲವುಗಳಿವೆ. ನಾನೂರು ಎಂಬ ಅಂಕಿ ಉತ್ಪ್ರೇಕ್ಷೆಯಿರಬಹುದು, ಕನಾತಿನ ಚೌಕಗಳು ಕಥೆಗಾರರ ಕೈಚಳಕವೂ ಇರಬಹುದು. ಅದು ಹಾಗೆಯೇ ಎಂದಿಟ್ಟುಕೊಳ್ಳೋಣ. ತಲೆಗಳ ಲೆಕ್ಕ ತಪ್ಪಿದರೆ ತೆರಿಗೆಗಳ ಲೆಕ್ಕವೂ ಅಳಿಸಿಹೋಗುತ್ತದೆಯೇ?

ನೆಲ, ತೆರಿಗೆಗಳ ಜಗಳಕ್ಕೆ ಮತದ ಬಣ್ಣ ಬಳಿಯುವುದು ನಮ್ಮೊಬ್ಬರ ಚಾಳಿಯಲ್ಲ. ಯುರೋಪಿನವರು ಕ್ರುಸೇಡ್ ಎಂದು ಕರೆದುಕೊಂಡ ಕೊನೆಕೊನೆಯ ದಂಡಯಾತ್ರೆಗಳು ಬಲ್ಗೇರಿಯದ ನೆಲದ ಮೇಲೆ ಹಾದುಹೋದವು. 1396ರಲ್ಲಿ ನಿಕೊಪೊಲಿಸ್, 1444ರಲ್ಲಿ ವಾರ್ನಾ. ಶಿಲುಬೆಗೂ ಅರ್ಧಚಂದ್ರಕ್ಕೂ ನಡೆದ ಯುದ್ಧ ಎಂದು ಬಹುಕಾಲ ಅಲ್ಲಿನ ಮಕ್ಕಳಿಗೆ ಪಾಠವಾಯಿತು. ಆದರೆ ನಿಕೊಪೊಲಿಸ್‌ನಲ್ಲಿ ಸರ್ಬಿಯಾದ ಸ್ಟೆಫಾನ್ ಲಜಾರೆವಿಚ್ ಎಂಬ ಕ್ರೈಸ್ತ ಒಡೆಯ ತನ್ನ ಕ್ರೈಸ್ತ ಕುದುರೆ ದಂಡಿನೊಂದಿಗೆ ಕಾದಾಡಿದ್ದು ಸುಲ್ತಾನ ಬಾಯಜೀದನ ಪರವಾಗಿ. ಆ ಯುದ್ಧಕ್ಕೆ ಮುಂಚೆ ರಾಹೊವಾ ಎಂಬ ಪಟ್ಟಣದಲ್ಲಿ ಈ ಧರ್ಮಯೋಧರ ಕೈಗೆ ಸಿಕ್ಕಿ ನಾಶವಾದವರಲ್ಲಿ ಬಲ್ಗೇರಿಯದ ಕ್ರೈಸ್ತರೂ ಇದ್ದರು. ವಾರ್ನಾ ಯುದ್ಧಕ್ಕೆ ಮುಂಚೆ ಪೋಪರ ಪ್ರತಿನಿಧಿ ಕಾರ್ಡಿನಲ್ ಚೆಸಾರೀನಿ, ಅನ್ಯಮತದವರಿಗೆ ಕೊಟ್ಟ ಭಾಷೆ ಭಾಷೆಯಲ್ಲ ಎಂದು ಹೇಳಿ ಹಂಗೇರಿಯ ದೊರೆಯಿಂದ ಸುಲ್ತಾನನೊಂದಿಗಿನ ಸಂಧಿ ಮುರಿಸಿದ. ಇಪ್ಪತ್ತರ ಹರೆಯದ ಆ ದೊರೆ ವ್ಲಾಡಿಸ್ಲಾವ್ 1444ರ ನವೆಂಬರ್ 10ರಂದು ವಾರ್ನಾದಲ್ಲೇ ಸತ್ತ. ಸರ್ಬಿಯಾದ ಒಡೆಯ ಬ್ರಾಂಕೊವಿಚ್ ತನ್ನ ಕೋಟೆಗಳು ಸಂಧಿಯಲ್ಲಿ ವಾಪಸು ಸಿಕ್ಕಿದ್ದರಿಂದ ಯುದ್ಧಕ್ಕೇ ಬರಲಿಲ್ಲ. ಇದನ್ನೆಲ್ಲ ಅಲ್ಲಿನ ವಿದ್ವಾಂಸರು ಕೆದಕಿ, ಜಗಳವಾಡಿ, ಬಾವುಟದ ಹಿಂದೆ ಇದ್ದ ಕೋಟೆ, ಸಾಲ, ವ್ಯಾಪಾರಗಳನ್ನು ಹೊರಗೆಳೆದರು. ನಾವಿನ್ನೂ ಬಾವುಟದ ಬಣ್ಣ ನೋಡುತ್ತಾ ನಿಂತಿದ್ದೇವೆ.

ನಂಜನಗೂಡಿನಿಂದ ಕಪಿಲೆಯ ಜೊತೆಗೇ ಕೆಳಗಿಳಿದು ತಿರುಮಕೂಡಲಿಗೆ ಬನ್ನಿ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲೂ ಇದೇ ಹಾಡು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ. ಕೀರ್ತಿನಾರಾಯಣನ ಗುಡಿ ಎತ್ತಿಸಿದ. ಶೈವ ಚೋಳರ ಮೇಲೆ ವೈಷ್ಣವ ವಿಷ್ಣುವರ್ಧನನ ವಿಜಯ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಕತ್ತಿ ಹಿಡಿದು ಆ ಗೆಲುವು ತಂದ ದಂಡನಾಯಕ ಗಂಗರಾಜ ಜೈನ. ವೈಷ್ಣವ ದೊರೆಗೆ ಜೈನ ಸೇನಾಪತಿ, ಪಟ್ಟದರಸಿ ಶಾಂತಲೆಯೂ ಜೈನಳೇ. ಮತಯುದ್ಧದ ಈ ಲೆಕ್ಕವನ್ನು ಯಾವ ಮಗ್ಗಿಯಲ್ಲಿ ಕೂಡಿಸುತ್ತೀರಿ? ಕಾವೇರಿಯ ಆ ಬಯಲಿನ ಗದ್ದೆಗಳಿಗಾಗಿ ಗಂಗರ ಕಾಲದಿಂದ ಬಡಿದಾಡಿದವರೆಲ್ಲರಿಗೂ ಆ ನೆಲದ ಬೆಲೆ ಗೊತ್ತಿತ್ತು. ಗೊತ್ತಿಲ್ಲದವರು ನಾವು.

ಅದೇ ತಲಕಾಡಿನ ಮರಳು ನೋಡಿ. ಪಂಚಲಿಂಗ ದರ್ಶನಕ್ಕೆ ಬಂದ ಯಾರನ್ನಾದರೂ ಈ ಮರಳು ಹೇಗೆ ಬಂತು ಎಂದು ಕೇಳಿದರೆ ಅಲಮೇಲಮ್ಮನ ಶಾಪ ಎನ್ನುತ್ತಾರೆ. 1610ರಲ್ಲಿ ರಾಜ ಒಡೆಯ ಶ್ರೀರಂಗಪಟ್ಟಣ ಹಿಡಿದದ್ದು, ಒಡವೆಗಾಗಿ ಹೆಣ್ಣುಮಗಳೊಬ್ಬಳ ಬೆನ್ನು ಹತ್ತಿದ್ದು, ಅವಳು ಮಾಲಂಗಿಯ ಮಡುವಿಗೆ ಬಿದ್ದದ್ದು, ಎಲ್ಲವೂ ಬಾಯಿಪಾಠ. ಹದಿನಾಲ್ಕನೇ ಶತಮಾನದಲ್ಲಿ ಮೇಲುಗಡೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಹೊಳೆಯ ಹರಿವು ಬದಲಾಗಿ, ತೆರೆದುಬಿದ್ದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತು ಎಂಬ ವಿವರಣೆಯನ್ನು ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಮುಂದಿಟ್ಟು ವರ್ಷಗಳಾದವು. ಅದನ್ನು ಹೇಳುವ ಒಂದು ಫಲಕ ಓದಿದವರೆಷ್ಟು ಮಂದಿ? ಶಾಪದ ಕಥೆಯಲ್ಲೂ ಮೊದಲು ಬರುವುದು ದೊರೆಗೆ ಬೇಕಾದ ಒಡವೆ ಎಂಬುದನ್ನು ಗಮನಿಸಿ. ಅದನ್ನೂ ದಾಟಿ ನಾವು ನೇರ ಶಾಪಕ್ಕೆ ಹಾರುತ್ತೇವೆ. ಮರಳಿಗೆ ಶಾಪ, ನೆತ್ತರಿಗೆ ಮತ. ಜಮೀನು, ನೀರು, ಕಂದಾಯ ಎಂಬ ಮೂರು ಮಾತು ಆಡದೆ ಈ ಎರಡು ತಾಲ್ಲೂಕುಗಳ ಚರಿತ್ರೆ ಹೇಳಿಬಿಡುತ್ತೇವೆ ಎಂದರೆ ಅದಕ್ಕೂ ಒಂದು ಪ್ರತಿಭೆ ಬೇಕು.

ಇಷ್ಟಕ್ಕೂ ಹಳೆಯ ಕಥೆ, ಯಾರು ಹೇಗೆ ಹೇಳಿದರೇನು ಎನ್ನುವಿರಾದರೆ, ಹಾನಿ ಹಳೆಯದಲ್ಲ. ಮತಯುದ್ಧ ಎಂದ ತಕ್ಷಣ ಕೊಂದವನ ವಾರಸುದಾರರು, ಸತ್ತವನ ವಾರಸುದಾರರು ಇಂದು ಬೀದಿಯಲ್ಲಿ ಸಿಗುತ್ತಾರೆ. ನಂಜನಗೂಡಿನ ಜೈನ ವರ್ತಕನೋ, ಅಯ್ಯಂಗಾರ್ ಮೇಷ್ಟರೋ ಮುನ್ನೂರು ವರ್ಷದ ಹಿಂದಿನ ಗುಂಡಿಗೆ ಜವಾಬು ಕೊಡಬೇಕಾಗುತ್ತದೆ. ಸರ್ಕಾರ ಮಾತ್ರ ಯಾರಿಗೂ ಜವಾಬು ಕೊಡಬೇಕಿಲ್ಲ. ಬಲವಂತದ ಒಪ್ಪಿಗೆಪತ್ರ ಬರೆಸಿಕೊಂಡು ಜಮೀನು ತೆಗೆದುಕೊಳ್ಳುವ ವಿದ್ಯೆ ನಮ್ಮ ನೆಲದಲ್ಲಿ ಎಷ್ಟು ಹಳೆಯದು ಎಂಬುದು ಇಂದಿನ ರೈತನಿಗೆ ತಿಳಿಯದೆ ಹೋಗುತ್ತದೆ. ಚರಿತ್ರೆಯನ್ನು ಜಾತಿಗಳ ನಡುವಿನ ವ್ಯಾಜ್ಯವಾಗಿ ಓದಿಸುವುದರಿಂದ ಯಾರಿಗೆ ನೆಮ್ಮದಿ? ತೆರಿಗೆ ಹಾಕುವವನಿಗೆ.

1830-31ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ ಎದ್ದ ದಂಗೆಯನ್ನು ನಾವು ರೈತ ದಂಗೆ ಎಂದೇ ಕರೆಯುತ್ತೇವೆ. ಅಲ್ಲಿ ಇಂಗ್ಲಿಷರು ವಿಚಾರಣಾ ಸಮಿತಿ ಕೂರಿಸಿ ಕಂದಾಯದ ಅವ್ಯವಸ್ಥೆಯನ್ನು ದಾಖಲಿಸಿದರು; ದೊರೆಯ ಕೈಯಿಂದ ರಾಜ್ಯವನ್ನೂ ಕಿತ್ತುಕೊಂಡರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನೀರಾವರಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಸತ್ತವರ ಜಾತಿ ಯಾವುದು, ಗುಂಡು ಹಾರಿಸಲು ಹೇಳಿದ ಅಧಿಕಾರಿಯ ಮತ ಯಾವುದು ಎಂದು ಯಾರಾದರೂ ಕೇಳಿದರೇ? ಪ್ರತಿ ವರ್ಷ ಆ ದಿನ ರೈತ ಹುತಾತ್ಮರ ದಿನವಾಗಿ ನಡೆಯುತ್ತದೆ. ಮೂರು ಶತಮಾನ ಮೊದಲು ಅದೇ ಕೆಲಸ ಮಾಡಿದ ಮೈಸೂರು ಸೀಮೆಯ ರೈತನಿಗೆ ಏಕೆ ಆ ಗೌರವವಿಲ್ಲ?

ಆದ್ದರಿಂದ ನೇರವಾಗಿ ಹೇಳುತ್ತೇನೆ. ಪಠ್ಯಪುಸ್ತಕ ಬರೆಯುವವರೇ, ಅಠಾರಾ ಕಚೇರಿಯ ಪಾಠವಿರುವ ಪುಟದಲ್ಲೇ ಹುಲ್ಲು ಹಣವನ್ನೂ ತಲೆಕೆಳಗಾದ ನೇಗಿಲನ್ನೂ ಸೇರಿಸಿ. ನವಕೋಟಿಗೆ ಖರ್ಚಿನ ಪಟ್ಟಿ ಮಾತ್ರವಲ್ಲ, ಜಮೆಯ ಪಟ್ಟಿಯೂ ಇರಲಿ. ವಿಶ್ವವಿದ್ಯಾಲಯದವರೇ, ಕೊಂದರೋ ಇಲ್ಲವೋ ಎಂಬ ಒಂದೇ ಚರ್ಚೆಯನ್ನು ಅಗಿಯುವುದು ಬಿಟ್ಟು ಕಂದಾಯದ ಕಡತಗಳ ಕಡೆ ತಿರುಗಿ. ಶಾಸನತಜ್ಞ ಬಿ.ಎಲ್. ರೈಸ್ ಸಾಹೇಬರು 1894ರಲ್ಲೇ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದ್ದಾರೆ, ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳ ಸಂಪುಟ ಹಂಪಿ ವಿಶ್ವವಿದ್ಯಾಲಯದಿಂದ ಬಂದಿದೆ. ಅವುಗಳಲ್ಲಿ ದಾನಿಯ ಹೆಸರು, ದೇವರ ಹೆಸರು ಹುಡುಕಿದ್ದು ಸಾಕು. ಯಾವ ಹಳ್ಳಿಗೆ ಯಾವ ಸುಂಕ ಬಿತ್ತು ಎಂದು ಹುಡುಕಿ. ಮಠಗಳ ಸ್ವಾಮಿಗಳೇ, ನಿಮ್ಮ ಹಳೆಯ ಸನ್ನದು, ನಿರೂಪ, ಕಡತಗಳ ಪೆಟ್ಟಿಗೆಗಳನ್ನು ಓದುವವರಿಗೆ ತೆರೆದುಕೊಡಿ. ನಿಮ್ಮ ಜಂಗಮರು ಸತ್ತದ್ದು ಮತಕ್ಕಾಗಿ ಎನ್ನುವುದಕ್ಕಿಂತ ರೈತನ ಪರ ನಿಂತದ್ದಕ್ಕಾಗಿ ಎನ್ನುವುದು ಅವರಿಗೆ ದೊಡ್ಡ ಗೌರವ.

ಮತ್ತು ನಂಜನಗೂಡಿನವರೇ, ದೊಡ್ಡ ಜಾತ್ರೆಗೆ ಲಕ್ಷಾಂತರ ಜನ ಬರುವ ನಿಮ್ಮ ಊರಿನಲ್ಲಿ ಒಂದು ಕಲ್ಲು ನಿಲ್ಲಿಸಿ. ಅದರ ಮೇಲೆ ಕೊಂದವನ ಮತವೂ ಬೇಡ, ಸತ್ತವರ ಜಾತಿಯೂ ಬೇಡ, ನಾನೂರು ಎಂಬ ಅಂಕಿಯೂ ಬೇಡ. ಮನೆ ತೆರಿಗೆ, ಮದುವೆ ತೆರಿಗೆ, ಕುರಿ ತೆರಿಗೆ, ಹುಲ್ಲು ಹಣ, ದೇವರಾಯ ವಟ್ಟ ಎಂದು ಒಂದರ ಕೆಳಗೊಂದು ತೆರಿಗೆಗಳ ಹೆಸರು ಕೆತ್ತಿಸಿ, ಇವನ್ನು ಕೊಡುವುದಿಲ್ಲ ಎಂದವರು ಇಲ್ಲಿದ್ದರು ಎಂದು ಬರೆಸಿ.